ಲಾಸಾ ದಾರಿಯಾ, ಕೇರುಂಗ್ ದಾರಿಯಾ? ಕುದುರೆ ವರ್ಷದ ಕೈಲಾಸ ಪರಿಕ್ರಮಕ್ಕೆ ಸಲಹೆ ಬೇಕು

ದಾವಣಗೆರೆ_ಗಿರಿ

ಎಲ್ಲರಿಗೂ ನಮಸ್ಕಾರ. ಟಿಬೆಟಿಯನ್ ಪಂಚಾಂಗದ ಪ್ರಕಾರ 2026 ಕುದುರೆ ವರ್ಷ. ಹನ್ನೆರಡು ವರ್ಷಕ್ಕೊಮ್ಮೆ ಬರುತ್ತದೆ, ಹಿಂದಿನದು 2014ರಲ್ಲಿ. ಈ ವರ್ಷ ಕೈಲಾಸಕ್ಕೆ ಒಂದು ಸುತ್ತು ಹಾಕಿದರೆ ಹನ್ನೆರಡೋ ಹದಿಮೂರೋ ಸುತ್ತಿನ ಪುಣ್ಯ ಅಂತ ಬೌದ್ಧರು ನಂಬುತ್ತಾರೆ. ಇದನ್ನು ಅಮ್ಮನ ಕಿವಿಗೆ ಯಾರು ಹಾಕಿದರೋ, ಈಗ ಮನೆಯಲ್ಲಿ ಬೇರೆ ಮಾತೇ ಇಲ್ಲ. ಅಮ್ಮನಿಗೆ 61. ಲಿಂಗಪೂಜೆ ಆಗದೆ ಕಾಫಿ ಕೂಡ ಮುಟ್ಟುವವರಲ್ಲ. ಬಿಪಿಗೆ ಒಂದು ಮಾತ್ರೆ ಇದೆ, ಅಷ್ಟೇ. ನನಗೆ ಕೈಲಾಸದಷ್ಟೇ ಟಿಬೆಟಿನ ಮಠಗಳನ್ನು ನೋಡುವ ಆಸೆ.

ಎರಡು ಪ್ಯಾಕೇಜ್ ನೋಡಿಟ್ಟಿದ್ದೇನೆ. ಒಂದು, ಕಾಠ್ಮಂಡುವಿನಿಂದ ರಸ್ತೆಯಲ್ಲಿ ಟಿಬೆಟಿನ ಗಡಿ ಊರು ಕೇರುಂಗ್, ಸಾಗಾ, ಮಾನಸ ಸರೋವರ, ಪರಿಕ್ರಮ, ವಾಪಸ್. ಇನ್ನೊಂದು, ಕಾಠ್ಮಂಡುವಿನಿಂದ ವಿಮಾನದಲ್ಲಿ ಲಾಸಾ, ಅಲ್ಲಿಂದ ಗ್ಯಾಂಟ್ಸೆ, ಶಿಗಾಟ್ಸೆ ನೋಡಿಕೊಂಡು ಕೈಲಾಸ. ಎರಡನೆಯದಕ್ಕೆ ದುಡ್ಡೂ ಜಾಸ್ತಿ, ರಜೆಯೂ ಜಾಸ್ತಿ. "ಮಠ ನೋಡೋಕೆ ಅಷ್ಟು ದುಡ್ಡು ಯಾಕೆ ಸುರೀತೀಯ" ಅಂತ ಅಣ್ಣ ಕೇಳುತ್ತಿದ್ದಾನೆ. ಹೋಗಿ ಬಂದವರು ಹೇಳಿ, ಲಾಸಾ ದಾರಿಗೆ ಆ ಬೆಲೆ ಇದೆಯಾ?

ಚಾರಣಿ_ಸುಮಾ

ಇದೆ ಗಿರಿ. ನಾನು ಲಾಸಾ ಕಡೆಯಿಂದಲೇ ಹೋದವಳು. ಇನ್ನೊಮ್ಮೆ ಹೋದರೂ ಅದೇ ದಾರಿ.

ಮೊದಲು ದೇಹದ ಲೆಕ್ಕ ನೋಡಿ. ಕೇರುಂಗ್ ಸುಮಾರು 2,800 ಮೀಟರ್, ಸಾಗಾ ಹತ್ತಿರ ಹತ್ತಿರ 4,500. ಎಷ್ಟೋ ಪ್ಯಾಕೇಜಿನವರು ಒಂದೇ ದಿನದಲ್ಲಿ ಇಲ್ಲಿಂದ ಅಲ್ಲಿಗೆ ಓಡಿಸುತ್ತಾರೆ. ಮಾರನೆಯ ದಿನ ಮಾನಸ ಸರೋವರ, 4,590 ಮೀಟರ್. ಅದಾಗಿ ಪರಿಕ್ರಮದ ಅತಿ ಎತ್ತರದ ಜಾಗ ಡೋಲ್ಮಾ ಲಾ ದಾಟಬೇಕು, ಅದು 5,600ಕ್ಕೂ ಮೇಲೆ. ಲಾಸಾ ಇರುವುದು 3,650ರಲ್ಲಿ. ಅಲ್ಲಿ ಮೂರು ರಾತ್ರಿ, ಆಮೇಲೆ 3,840ರ ಶಿಗಾಟ್ಸೆಯಲ್ಲಿ ಒಂದು ರಾತ್ರಿ ಮಲಗಿದರೆ ಮೇಲೆ ಹೋಗುವಷ್ಟರಲ್ಲಿ ದೇಹ ಅರ್ಧ ಪಳಗಿರುತ್ತದೆ. ನೀವು ಮಠ ಸುತ್ತುತ್ತಿರುತ್ತೀರಿ, ರಕ್ತ ತನ್ನ ಕೆಲಸ ತಾನು ಮಾಡಿಕೊಳ್ಳುತ್ತಿರುತ್ತದೆ.

ಇನ್ನೊಂದು ಕಾರಣ. ಲಾಸಾದಲ್ಲಿ ಟಿಬೆಟಿಯನ್ ಯಾತ್ರಿಕರ ಜೊತೆ ನಡೆದು ಬಂದವರಿಗೆ ಕೈಲಾಸದ ಸುತ್ತ ಏನು ನಡೆಯುತ್ತಿದೆ ಅಂತ ತಿಳಿಯುತ್ತದೆ. ನೇರ ಹೋದವರು ಬೆಟ್ಟ ನೋಡುತ್ತಾರೆ, ಪಕ್ಕದಲ್ಲಿ ನಡೆಯುವ ಜನ ಕಾಣುವುದಿಲ್ಲ.

ನೇರಮಾತು

ಸುಮ್ನೆ ಹೆದರಿಸಬೇಡಿ ಮೇಡಂ. ನಮ್ಮ ಗುಂಪು ಕೇರುಂಗ್ ಮೇಲೇ ಹೋಗಿದ್ದು. 65 ದಾಟಿದವರೂ ಇದ್ದರು, ಆರಾಮಾಗಿ ಬಂದರು. ಕೇರುಂಗಿನಲ್ಲಿ ಎರಡು ರಾತ್ರಿ ಉಳಿಸುವ ಪ್ಯಾಕೇಜ್ ಹಿಡಿದರೆ ಆಯ್ತು.

ಮತ್ತೆ ನಿಮ್ಮ ಲೆಕ್ಕದಲ್ಲೇ ಒಂದು ಕೊರೆ ಇದೆ. ಕಾಠ್ಮಂಡು 1,400 ಮೀಟರ್. ವಿಮಾನ ಹತ್ತಿ ಒಂದೇ ಏಟಿಗೆ 3,650ಕ್ಕೆ ಇಳಿದರೆ ಅದು ದೊಡ್ಡ ಜಿಗಿತ ಅಲ್ವಾ?

ಲಾಸಾ ಬಗ್ಗೆಯೂ ನಂಗೆ ಅಂಥ ಭ್ರಮೆ ಇಲ್ಲ. ಮಾಲು, ಹೋಟೆಲು, ಕ್ಯಾಮೆರಾ. ಪೊಟಾಲಾ ಅರಮನೆಯಲ್ಲಿ ಬಾಗಿಲಿನಿಂದ ಬಾಗಿಲಿಗೆ ಅಟ್ಟುತ್ತಾರೆ, ಗಂಟೆ ಲೆಕ್ಕದ ಟಿಕೆಟ್. ನಾವು ಹೋಗುವುದು ಶಿವನ ಸ್ಥಾನಕ್ಕೆ. ಬೌದ್ಧ ಮಠ ನೋಡಬೇಕು ಅಂದ್ರೆ ಬೈಲಕುಪ್ಪೆ ಇದೆಯಲ್ಲ, ಬಸ್ ಚಾರ್ಜಲ್ಲಿ ಆಗುತ್ತದೆ.

ಚಾರಣಿ_ಸುಮಾ

ವಿಮಾನದ ಮಾತು ಸರಿ. ಅದಕ್ಕೇ ಇಳಿದ ದಿನ ಏನೂ ಮಾಡಬಾರದು. ರೂಮು, ನೀರು, ನಿದ್ದೆ. ಪೊಟಾಲಾ ಮೂರನೆಯ ದಿನಕ್ಕಿರಲಿ, ಅಲ್ಲಿ ಮೆಟ್ಟಿಲು ಜಾಸ್ತಿ.

ಪೊಟಾಲಾ ಈಗ ಮ್ಯೂಸಿಯಂ ಥರ ಅನ್ನುವುದನ್ನೂ ಒಪ್ಪುತ್ತೇನೆ. ಐದನೆಯ ದಲೈ ಲಾಮಾ 1645ರಲ್ಲಿ ಕಟ್ಟಿಸಲು ಶುರು ಮಾಡಿದ್ದು. ಸಾವಿರಕ್ಕೂ ಮೇಲೆ ಕೋಣೆಗಳಿವೆ, ನಮಗೆ ತೋರಿಸುವುದು ಕೆಲವನ್ನು ಮಾತ್ರ. ಆದರೆ ಜೋಖಾಂಗ್ ದೇವಾಲಯದ ಮುಂದೆ ಬೆಳಿಗ್ಗೆ ಬೇಗ ಹೋಗಿ ನಿಲ್ಲಿ. ಏಳನೆಯ ಶತಮಾನದಲ್ಲಿ ಸೋಂಗ್‌ತ್ಸೆನ್ ಗ್ಯಾಂಪೋ ರಾಜನ ಕಾಲದಲ್ಲಿ ಕಟ್ಟಿದ ಗುಡಿ. ಒಳಗಿರುವ ಜೋವೋ ಶಾಕ್ಯಮುನಿ ಅನ್ನುವ ಬುದ್ಧನ ಮೂರ್ತಿಯನ್ನು ನೋಡಲು ಜನ ಟಿಬೆಟಿನ ಮೂಲೆ ಮೂಲೆಯಿಂದ ಬರುತ್ತಾರೆ.

ಬಾಗಿಲ ಮುಂದಿನ ಕಲ್ಲು ಹಾಸನ್ನು ಗಮನಿಸಿ. ದೀರ್ಘದಂಡ ನಮಸ್ಕಾರ ಹಾಕಿ ಹಾಕಿ ಕಲ್ಲು ಕನ್ನಡಿಯಂತಾಗಿದೆ. ಅಂಗೈಗೆ ಮರದ ಹಲಗೆ ಕಟ್ಟಿಕೊಂಡಿರುತ್ತಾರೆ, ಅದು ಕಲ್ಲಿನ ಮೇಲೆ ಸರ್ರ್ ಅಂತ ಜಾರುವ ಸದ್ದು ನಿಲ್ಲುವುದೇ ಇಲ್ಲ. ಸಾಲಿನಲ್ಲಿ ನನ್ನ ಮುಂದೆ ಒಬ್ಬ ಅಜ್ಜಿ ಇದ್ದರು. ಕೈಯಲ್ಲಿ ಹಳೆಯ ಫ್ಲಾಸ್ಕು. ಚಹಾ ಇರಬೇಕು ಅಂದುಕೊಂಡೆ, ನೋಡಿದರೆ ಕರಗಿಸಿದ ಬೆಣ್ಣೆ! ಪ್ರತಿ ದೀಪಕ್ಕೂ ಒಂದೊಂದು ಚಮಚ ಹಾಕುತ್ತಾ ಮುಂದೆ ಹೋದರು. ದೇವರ ಮುಂದೆ ಒಂದು ನೋಟಿಟ್ಟು, ಅಲ್ಲಿ ಬಿದ್ದಿದ್ದ ರಾಶಿಯಿಂದ ತಾವೇ ಚಿಲ್ಲರೆ ಎಣಿಸಿ ವಾಪಸ್ ತಗೊಂಡರು. ಮುಂದಿನ ದೇವರಿಗೆ ಬೇಕಲ್ಲ! ಯಾರೂ ಏನೂ ಅನ್ನಲಿಲ್ಲ, ಅದು ಅಲ್ಲಿಯ ರೂಢಿ.

ಇದೆಲ್ಲ ಮ್ಯೂಸಿಯಂನಲ್ಲಿ ಸಿಗುತ್ತದಾ ಸಾರ್?

ಕುಶಾಲನಗರದ_ಕವಿತಾ

ಬೈಲಕುಪ್ಪೆ ಹೆಸರು ಬಂತಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನೇರಮಾತು ಅವರೇ, ಬೈಲಕುಪ್ಪೆ "ಸಾಕು" ಅಂತ ಅಲ್ಲ, "ಮೊದಲು" ಅಂತ ಹೇಳಿ, ಆಗ ಒಪ್ಪುತ್ತೇನೆ.

ಗಿರಿ, ಲಾಸಾ ಹತ್ತಿರ ಸೆರಾ ಮಠ ಇದೆ, 1419ರಲ್ಲಿ ಕಟ್ಟಿದ್ದು. ಅಲ್ಲಿಂದ ತಪ್ಪಿಸಿಕೊಂಡು ಬಂದ ಲಾಮಾಗಳು ಅದೇ ಹೆಸರಿನಲ್ಲಿ ಮತ್ತೆ ಕಟ್ಟಿದ ಸೆರಾ ಇರುವುದು ನಮ್ಮ ಬೈಲಕುಪ್ಪೆಯಲ್ಲಿ. ಶಿಗಾಟ್ಸೆಯ ಟಾಶಿಲ್ಹುನ್ಪೋ ಮಠದ್ದೂ ಅದೇ ಕಥೆ, ಅದೂ ಇಲ್ಲೇ ಮತ್ತೆ ಎದ್ದಿತು. ಬಂದವರೆಲ್ಲ ನಾಮ್‌ದ್ರೋಲಿಂಗ್ ಗೋಲ್ಡನ್ ಟೆಂಪಲ್ ನೋಡಿ, ಮೋಮೋ ತಿಂದು ಮಡಿಕೇರಿಗೆ ಹೊರಟುಬಿಡುತ್ತಾರೆ. ಸೆರಾ ಕಡೆಗೆ ಬರುವವರು ಕಡಿಮೆ.

ಇಲ್ಲಿ ಭಿಕ್ಷುಗಳು ತರ್ಕ ಮಾಡುವುದನ್ನು ಕೂತು ನೋಡಿ. ಒಬ್ಬ ನಿಂತು ಪ್ರಶ್ನೆ ಎಸೆಯುತ್ತಾನೆ, ಕಾಲು ನೆಲಕ್ಕೆ ಬಡಿದು ಜೋರಾಗಿ ಚಪ್ಪಾಳೆ ಹೊಡೆಯುತ್ತಾನೆ. ಕೂತವನು ತಡಬಡಾಯಿಸಿದರೆ ಮುಗೀತು, ಸುತ್ತ ಇದ್ದವರು ಹೋ ಅನ್ನುತ್ತಾರೆ. ಲಾಸಾದ ಸೆರಾದಲ್ಲೂ ಮಧ್ಯಾಹ್ನದ ಮೇಲೆ ಇದು ನಡೆಯುತ್ತದೆ, ಆದರೆ ಅಲ್ಲಿ ಪ್ರವಾಸಿಗರು ಸುತ್ತ ಫೋನ್ ಹಿಡಿದು ನಿಂತಿರುತ್ತಾರೆ. ಇಲ್ಲಿ ನೋಡಿಕೊಂಡು ಹೋದರೆ ಅಲ್ಲಿ ಏನು ನೋಡುತ್ತಿದ್ದೇನೆ ಅನ್ನುವುದು ಗೊತ್ತಿರುತ್ತದೆ.

ಹುಬ್ಳಿ_ಮಾಸ್ತರ

ಕವಿತಾ ಅವರು ಹೇಳಿದ್ದು ಖರೆ. ನಮ್ಮ ಕಡೆ ಮುಂಡಗೋಡದಾಗ ಡ್ರೆಪುಂಗ್, ಗಾಂಡೆನ್ ಎರಡೂ ಅದಾವ. ಮೂಲದ ಗಾಂಡೆನ್ 1409ರದ್ದು, ಡ್ರೆಪುಂಗ್ 1416ರದ್ದು, ಎರಡೂ ಲಾಸಾ ಸುತ್ತಮುತ್ತ. ಆ ಮೂರು ದೊಡ್ಡ ಮಠಗಳೂ ಮತ್ತೆ ಬೇರು ಬಿಟ್ಟದ್ದು ಕರ್ನಾಟಕದಾಗ. ಇದು ಸಣ್ಣ ಮಾತಲ್ಲ ನೋಡ್ರಿ.

ಗಿರಿಯವರೇ, ಒಂದು ವಿಷಯ ನೆನಪಿಡಿ. ದಲೈ ಲಾಮಾ ಅವರ ಫೋಟೋ, ಪುಸ್ತಕ, ಟಿಬೆಟಿನ ಬಾವುಟ ಇರುವ ಕೀ ಚೈನು, ಟೀ ಶರ್ಟು ಯಾವುದನ್ನೂ ಒಯ್ಯಬೇಡಿ. ಫೋನಿನಲ್ಲಿಯೂ ಬೇಡ. ಗಡಿಯಲ್ಲಿ ಬ್ಯಾಗು ಬಿಚ್ಚಿ ನೋಡುತ್ತಾರೆ. ಅಲ್ಲಿಯ ಗೈಡಿಗೆ ರಾಜಕೀಯದ ಪ್ರಶ್ನೆ ಕೇಳಬೇಡಿ. ನೀವು ಊರಿಗೆ ಬರುತ್ತೀರಿ, ಅವನು ಅಲ್ಲೇ ಇರಬೇಕು.

ನಮ್ಮ ಪರಿಚಯದ ಒಬ್ಬ ಹಿರಿಯ ಟಿಬೆಟಿಯನ್ ಇದ್ದಾರೆ, ಚಿಕ್ಕವರಿದ್ದಾಗ ಊರು ಬಿಟ್ಟು ಬಂದವರು. ನಮ್ಮ ಓಣಿಯವರು ಲಾಸಾಕ್ಕೆ ಹೋಗ್ತಾರಂತ ಗೊತ್ತಾದಾಗ ಚೀಟಿ ಕೊಡಲಿಲ್ಲ, ಫೋಟೋ ಕೊಡಲಿಲ್ಲ. "ಜೋವೋ ಮುಂದೆ ನನ್ನ ಹೆಸರಲ್ಲಿ ಒಂದು ದೀಪ ಹಚ್ಚಿ" ಅಂದರು, ಅಷ್ಟೇ. ನಿಮಗೂ ಯಾರಾದರೂ ಹಿಂಗ ಕೇಳಿದರೆ ದೀಪಕ್ಕೆ ಹೂಂ ಅನ್ನಿ. ಪತ್ರ, ದುಡ್ಡು, ಸಾಮಾನು ಬ್ಯಾಡ.

ಡಾಕ್ಟ್ರಮ್ಮ_ಸಾಗರ

ದೇಹದ ವಿಷಯಕ್ಕೆ ಬರುತ್ತೇನೆ. ಸುಮಾ, ನೇರಮಾತು ಇಬ್ಬರದ್ದೂ ಅರ್ಧರ್ಧ ಸರಿ.

ವೈದ್ಯರು ಸಾಮಾನ್ಯವಾಗಿ ಹೇಳುವುದು ಇದು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ಒಂದು ರಾತ್ರಿಗೆ 500 ಮೀಟರಿಗಿಂತ ಜಾಸ್ತಿ ಏರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಅಲ್ಲೇ ಉಳಿಯಬೇಕು. ಹಗಲು ಎಷ್ಟು ಎತ್ತರ ಹೋಗಿ ಬಂದಿರಿ ಅನ್ನುವುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಅನ್ನುವುದು ಮುಖ್ಯ. ಈ ಲೆಕ್ಕಕ್ಕೆ ಎರಡು ದಾರಿಯೂ ಪೂರ್ತಿ ಪಾಸಾಗುವುದಿಲ್ಲ. ಲಾಸಾ ದಾರಿ ಕಡಿಮೆ ಫೇಲ್. ನೇಪಾಳಗಂಜ್, ಸಿಮಿಕೋಟ್, ಹಿಲ್ಸಾ ಹೆಲಿಕಾಪ್ಟರ್ ದಾರಿ ನಂಗೆ ಎಲ್ಲಕ್ಕಿಂತ ಹೆದರಿಕೆ. ಬಯಲು ಸೀಮೆಯಿಂದ ಎತ್ತಿ ತಂದು ಬಿಟ್ಟಂತೆ.

ಜನ ಮರೆಯುವುದು ಇನ್ನೊಂದಿದೆ. ಹಿಮಾಲಯದ ಬೇರೆ ಚಾರಣಗಳಲ್ಲಿ ತಲೆನೋವು, ವಾಂತಿ ಬಂದರೆ ಎರಡು ಗಂಟೆ ಇಳಿದರೆ ಕಣಿವೆ ಸಿಗುತ್ತದೆ. ಟಿಬೆಟಿನ ಪಶ್ಚಿಮದಲ್ಲಿ ಇಳಿಯಲು ಹತ್ತಿರದಲ್ಲಿ ಜಾಗವೇ ಇರುವುದಿಲ್ಲ. ಸುತ್ತಲೂ 4,500 ಮೀಟರಿನ ಬಯಲು. ಹಾಗಾಗಿ ಮೇಲೆ ಹೋಗುವ ಮೊದಲೇ ಪಳಗಿರಬೇಕು.

ಎತ್ತರದ ಕಾಯಿಲೆಗೆ ಕೊಡುವ ಡಯಮಾಕ್ಸ್ ಮಾತ್ರೆ ಬಗ್ಗೆ ಎಲ್ಲರೂ ಕೇಳುತ್ತಾರೆ. ತಡೆಯಲು ಕೊಡುವುದು ಸಾಮಾನ್ಯವಾಗಿ 125 ಮಿಲಿಗ್ರಾಂ, ದಿನಕ್ಕೆ ಎರಡು ಸಲ, ಏರುವ ಹಿಂದಿನ ದಿನದಿಂದ. ಬೆರಳು ಜುಮ್ ಅನ್ನುತ್ತದೆ, ಮೂತ್ರ ಜಾಸ್ತಿ ಆಗುತ್ತದೆ, ಗಾಬರಿ ಬೇಡ. ಸಲ್ಫಾ ಅಲರ್ಜಿ ಇದ್ದವರು ಮೊದಲೇ ಹೇಳಬೇಕು. ಗಿರಿ, ನಿಮ್ಮ ಅಮ್ಮನ ಬಿಪಿ ಮಾತ್ರೆಯಲ್ಲಿ ಮೂತ್ರ ಜಾಸ್ತಿ ಮಾಡುವ ಅಂಶ ಇದೆಯಾ ಅಂತ ಅವರ ಡಾಕ್ಟರನ್ನೇ ಕೇಳಿ. ಗೂಗಲ್ ನೋಡಿ ಶುರು ಮಾಡಬೇಡಿ.

ಬರೀ ತಲೆನೋವಾದರೆ ಅಲ್ಲೇ ಉಳಿದು ಕಾಯಿರಿ. ಕೂತಲ್ಲೇ ಉಸಿರು ಕಟ್ಟಿದರೆ, ನಡೆಯುವಾಗ ಕುಡಿದವರಂತೆ ತೂರಾಡಿದರೆ, ಮಾತು ಗೊಂದಲವಾದರೆ ಆಮ್ಲಜನಕ ಕೊಟ್ಟು ತಕ್ಷಣ ಕೆಳಗೆ ಸಾಗಿಸಬೇಕು. ಅಂಗಡಿಯಲ್ಲಿ ಸಿಗುವ ಆಕ್ಸಿಜನ್ ಡಬ್ಬಿ ಹತ್ತಾರು ನಿಮಿಷದ ಆಟ. ನಿದ್ದೆ ಬರಲಿಲ್ಲ ಅಂತ ನಿದ್ದೆ ಮಾತ್ರೆ ನುಂಗಬೇಡಿ.

ದಾವಣಗೆರೆ_ಗಿರಿ

ಡಾಕ್ಟ್ರೇ, ಕವಿತಾ ಅವರೇ, ತುಂಬಾ ಥ್ಯಾಂಕ್ಸ್. ಇನ್ನು ಎರಡು ಪ್ರಶ್ನೆ. ಪರಿಕ್ರಮ ನಿಜವಾಗಿ ಎಷ್ಟು ಕಷ್ಟ? ಅಮ್ಮ ಪೂರ್ತಿ ನಡೆಯದೆ ಎಲ್ಲಿಯವರೆಗೆ ಬರಬಹುದು? ಸರ್ಕಾರಿ ಯಾತ್ರೆಗೆ ಅರ್ಜಿ ಹಾಕುವುದು ವಾಸಿಯಾ?

ಚಾರಣಿ_ಸುಮಾ

ಸರ್ಕಾರಿ ಯಾತ್ರೆ 2020ರಿಂದ ನಿಂತಿದ್ದು 2025ರಲ್ಲಿ ಮತ್ತೆ ಶುರುವಾಯಿತು. ಆ ವರ್ಷ ಲಿಪುಲೇಖ್ ದಾರಿಯಲ್ಲಿ 50 ಜನರ ಐದು ತಂಡ, ನಾಥು ಲಾ ದಾರಿಯಲ್ಲಿ ಹತ್ತು ತಂಡ. ಲಾಟರಿ ಎತ್ತುತ್ತಾರೆ. ವಯಸ್ಸು 18ರಿಂದ 70, ಬಿಎಂಐ 25ರ ಒಳಗಿರಬೇಕು, ದೆಹಲಿಯಲ್ಲಿ ವೈದ್ಯಕೀಯ ತಪಾಸಣೆ. ವ್ಯವಸ್ಥೆ ಚೆನ್ನಾಗಿದೆ, ಆದರೆ ಲಾಸಾ ನೋಡಲು ಸಿಗುವುದಿಲ್ಲ.

ಈಗ ಪರಿಕ್ರಮ. ಟಿಬೆಟಿಯನ್ನರು ಕೋರಾ ಅನ್ನುತ್ತಾರೆ. ಒಟ್ಟು ಸುಮಾರು 52 ಕಿಲೋಮೀಟರ್. ದಾರ್ಚೆನ್ ಊರಿನಿಂದ, ನಡಿಗೆ ಶುರುವಾಗುವ ಯಮದ್ವಾರದ ತನಕ ಬಸ್ಸು ಬಿಡುತ್ತದೆ. ಪಕ್ಕದಲ್ಲೇ ತಾರ್ಬೋಚೆ, ದೊಡ್ಡ ಧ್ವಜಸ್ತಂಭ. ಬುದ್ಧ ಪೂರ್ಣಿಮೆ ಹೊತ್ತಿನ ಸಾಗಾ ದಾವಾ ಹಬ್ಬಕ್ಕೆ ಅದನ್ನು ಇಳಿಸಿ, ಹೊಸ ಪ್ರಾರ್ಥನಾ ಪತಾಕೆ ಕಟ್ಟಿ ಮತ್ತೆ ನಿಲ್ಲಿಸುತ್ತಾರೆ.

ಮೊದಲ ದಿನ ನದಿಯ ಪಕ್ಕದಲ್ಲಿ ನಿಧಾನ ಏರು. ದಿರಾಪುಕ್ ಸೇರಿದರೆ ಕೈಲಾಸದ ಉತ್ತರ ಮುಖ ಎದುರಿಗೇ ಇರುತ್ತದೆ. ನಿಜ ಹೇಳಬೇಕೆಂದರೆ ಇಡೀ ಯಾತ್ರೆಯ ದರ್ಶನ ಇಲ್ಲಿಯೇ. ಅಮ್ಮನಿಗೆ ಇಲ್ಲಿಯವರೆಗೆ ಕುದುರೆ ಮಾಡಿ, ರಾತ್ರಿ ಉಳಿದು, ಬೆಳಿಗ್ಗೆ ಅದೇ ದಾರಿಯಲ್ಲಿ ವಾಪಸ್ ಕಳಿಸಬಹುದು. ಎಷ್ಟೋ ಜನ ಹಾಗೇ ಮಾಡುತ್ತಾರೆ. ಜೊತೆಗೆ ಮನೆಯವರು ಒಬ್ಬರು ಇರಬೇಕು ಅಷ್ಟೇ.

ಎರಡನೆಯ ದಿನವೇ ಕಷ್ಟದ್ದು. ಕತ್ತಲಲ್ಲಿ ಹೊರಡಬೇಕು. ದಾರಿಯಲ್ಲಿ ಶಿವ ತ್ಸಾಲ್ ಅಂತ ಒಂದು ಜಾಗ ಬರುತ್ತದೆ. ಯಾತ್ರಿಕರು ಅಲ್ಲಿ ತಮ್ಮ ಬಟ್ಟೆ, ಕೂದಲು ಬಿಟ್ಟು ಹೋಗುತ್ತಾರೆ, ಇದ್ದಾಗಲೇ ಸತ್ತು ಹುಟ್ಟುವ ಲೆಕ್ಕ. ಕಲ್ಲುಗಳಿಗೆ ಸ್ವೆಟರು, ಟೋಪಿ ತೊಡಿಸಿಟ್ಟಿದ್ದು ಕಂಡು ನಮ್ಮ ಗುಂಪಿನವರು ಕಸ ಅಂದುಕೊಂಡರು. ಗೈಡ್ ವಿವರಿಸಿದ ಮೇಲೆ ಎಲ್ಲರೂ ಸುಮ್ಮನಾದರು. ಅಲ್ಲಿಂದ ಡೋಲ್ಮಾ ಲಾ. ಗಾಳಿಯಲ್ಲಿ ಆಮ್ಲಜನಕ ನಮ್ಮೂರಿನ ಅರ್ಧದಷ್ಟು. ಹತ್ತು ಹೆಜ್ಜೆ, ನಿಲ್ಲು, ಉಸಿರು, ಮತ್ತೆ ಹತ್ತು ಹೆಜ್ಜೆ. ಪಕ್ಕದಲ್ಲಿ ಟಿಬೆಟಿಯನ್ ಹೆಂಗಸರು ಕೂಸು ಕಟ್ಟಿಕೊಂಡು ಹಾಡುತ್ತಾ ದಾಟುತ್ತಾರೆ. ಅವರು ಬೆಳಗಿನ ಜಾವ ಹೊರಟು ಇಡೀ ಸುತ್ತನ್ನು ಒಂದೇ ದಿನದಲ್ಲಿ ಮುಗಿಸುವವರು. ನಮಗೆ ಮೂರು ದಿನ. ದಂಡ ನಮಸ್ಕಾರ ಹಾಕುತ್ತಾ ಸುತ್ತುವವರಿಗೆ ಎರಡು ಮೂರು ವಾರ.

ಡೋಲ್ಮಾ ಲಾ ದಾಟಿ ಇಳಿಯುವಾಗ ಬಲಕ್ಕೆ ಗೌರಿಕುಂಡ ಕಾಣುತ್ತದೆ. ಇಳಿಜಾರು ಕಡಿದು, ಕುದುರೆ ಮೇಲಿದ್ದವರೂ ಇಳಿದು ನಡೆಯಬೇಕು. ಮಂಡಿ ನೋವಿದ್ದವರಿಗೆ ಏರುವುದಕ್ಕಿಂತ ಇದೇ ಕಷ್ಟ. ರಾತ್ರಿ ಜುತುಲ್‌ಪುಕ್, ಬೌದ್ಧ ಸಂತ ಮಿಲರೇಪನ ಗುಹೆ ಇರುವ ಜಾಗ. ಮೂರನೆಯ ದಿನ ಸುಲಭ.

ನೇರಮಾತು

ಪರಿಕ್ರಮದ ವರ್ಣನೆಗೆ ಸೈ. ನಾನು ಎರಡು ಮಾತು ಸೇರಿಸುತ್ತೇನೆ.

ಕುದುರೆ, ಪೋರ್ಟರ್ ದಾರ್ಚೆನ್ ಕಡೆಯವರೇ. ಮೊದಲೇ ಹೇಳಿ ಇಡಿಸಬೇಕು, ಪೂರ್ತಿ ಮೂರು ದಿನಕ್ಕೆ ದುಡ್ಡು. ನಡುವೆ ಸುಸ್ತಾದಾಗ ನೋಡೋಣ ಅಂದ್ರೆ ಸಿಗುವುದಿಲ್ಲ. ಈ ವರ್ಷದ ರಶ್ಶಿನಲ್ಲಿ ಕೇಳಲೇಬೇಡಿ.

ಮಾನಸ ಸರೋವರದಲ್ಲಿ ಮುಳುಗು ಹಾಕುವ ಕನಸು ಬಿಡಿ. ಈಗ ನೀರಿಗೆ ಇಳಿಯಲು ಬಿಡುವುದಿಲ್ಲ. ಬಕೆಟ್ಟಿನಲ್ಲಿ ತುಂಬಿಕೊಂಡು ದಡದಿಂದ ದೂರ ಹಾಕಿಕೊಳ್ಳಬೇಕು. ಇದರ ಬಗ್ಗೆ ನಮ್ಮವರು ಅಲ್ಲಿ ಜಗಳಕ್ಕೇ ಇಳಿದಿದ್ದರು. ನಂಗೆ ನಿಯಮ ಸರಿ ಅನ್ನಿಸಿತು. ಸೋಪು, ಪ್ಲಾಸ್ಟಿಕ್, ಹಳೇ ಬಟ್ಟೆ ಎಲ್ಲ ಬಿಟ್ಟು ಬರುವವರು ನಾವೇ ತಾನೇ?

ಆದರೂ ನನ್ನ ಅಭಿಪ್ರಾಯ ಬದಲಾಗಿಲ್ಲ. ರಜೆ ಕಡಿಮೆ, ದುಡ್ಡು ಕಡಿಮೆ ಇದ್ದವರಿಗೆ ಕೇರುಂಗೇ ದಾರಿ. ಎಲ್ಲರಿಗೂ ಲಾಸಾ ಆಗುವುದಿಲ್ಲ.

ಹುಬ್ಳಿ_ಮಾಸ್ತರ

ಕೇರುಂಗ್ ದಾರಿಗೆ ಇನ್ನೊಂದು ಕುತ್ತಿದೆ. 2025ರ ಜುಲೈ 8ಕ್ಕೆ ರಸುವಾಗಢಿಯ ಗಡಿ ಸೇತುವೆ ಪ್ರವಾಹಕ್ಕೆ ಕೊಚ್ಚಿ ಹೋಯಿತು. ಮಳೆಗಾಲದಲ್ಲಿ ಆ ಕಣಿವೆ ನಂಬುವಂಗಿಲ್ಲ. ಯಾವ ಏಜೆನ್ಸಿ ಆದರೂ ಸರಿ, ದಾರಿ ಮುಚ್ಚಿದರೆ ಏನು ಮಾಡುತ್ತೀರಿ, ದುಡ್ಡು ವಾಪಸ್ ಎಷ್ಟು ಅಂತ ಬರೆಸಿಕೊಳ್ಳಿ.

ಮತ್ತ ಇನ್ನೊಂದು. ಕೋರಾ ದಾರಿಯಲ್ಲಿ ಕೆಲವರು ಎದುರಿನಿಂದ ಬರುತ್ತಾರೆ. ಬೌದ್ಧರು, ಹಿಂದೂಗಳು ಬಲಗಡೆಯಿಂದ ಸುತ್ತುತ್ತೇವೆ, ಟಿಬೆಟಿನ ಹಳೆಯ ಬೋನ್ ಧರ್ಮದವರು ಎಡಗಡೆಯಿಂದ. ಅವರಿಗೆ "ಉಲ್ಟಾ ಹೊಂಟೀರಿ" ಅಂತ ಬುದ್ಧಿ ಹೇಳಲು ಹೋಗಬೇಡಿ. ಆ ಬೆಟ್ಟದ ಮೇಲೆ ಅವರ ಹಕ್ಕೂ ಭಾಳ ಹಳೇದು. ಬೋನ್ ಗುರುವಿಗೂ ಮಿಲರೇಪನಿಗೂ ಇದೇ ಶಿಖರಕ್ಕೆ ಪೈಪೋಟಿ ಬಿದ್ದಿತ್ತಂತ. ಗುರು ಡೊಳ್ಳಿನ ಮೇಲೆ ಕೂತು ಹಾರಿದನಂತ, ಮಿಲರೇಪ ಸೂರ್ಯನ ಮೊದಲ ಕಿರಣ ಹಿಡಿದು ಮೊದಲು ಮುಟ್ಟಿದನಂತ. ಡೊಳ್ಳು ಉರುಳಿ ಬಿದ್ದದ್ದಕ್ಕೇ ದಕ್ಷಿಣ ಮುಖದಾಗ ಉದ್ದಕ ಗೀರು ಬಿದ್ದದ್ದು ಅಂತಾರ.

ಸ್ಪಿತಿ_ಸವಾರ

ಪರ್ಮಿಟ್ಟು, ವೀಸಾ ಗಲಾಟೆ ಬೇಡ ಅನ್ನುವವರಿಗೆ ಹಿಮಾಚಲದ ಸ್ಪಿತಿ ಇದೆ. ಟಾಬೋ ಮಠ 996ರದ್ದು. ಒಳಗಿನ ಮಣ್ಣಿನ ಮೂರ್ತಿ, ಗೋಡೆ ಚಿತ್ರ ಸಾವಿರ ವರ್ಷದಿಂದ ಹಾಗೇ ಕತ್ತಲಲ್ಲಿ ನಿಂತಿವೆ. ಅದನ್ನು ಕಟ್ಟಿಸಿದ ಪಶ್ಚಿಮ ಟಿಬೆಟಿನ ಗುಗೆ ರಾಜರೇ ಕೈಲಾಸದ ಪಶ್ಚಿಮಕ್ಕೆ ಥೋಲಿಂಗ್ ಮಠ ಕಟ್ಟಿಸಿದ್ದು. ಗಿರಿ, ಲಾಸಾ ದಾರಿಯೇ ಗಟ್ಟಿ ಮಾಡಿದರೆ ಪರಿಕ್ರಮ ಆದಮೇಲೆ ಥೋಲಿಂಗ್, ಗುಗೆ ರಾಜಧಾನಿಯಾಗಿದ್ದ ತ್ಸಾಪರಂಗ್‌ಗೆ ಒಂದೆರಡು ದಿನ ಸೇರಿಸಲು ಆಗುತ್ತದಾ ಕೇಳಿ. ಆಗ ದೇಹವೂ ಪಳಗಿರುತ್ತದೆ.

ದಾವಣಗೆರೆ_ಗಿರಿ

ಎಲ್ಲರಿಗೂ ಧನ್ಯವಾದ. ಮನೆಯಲ್ಲಿ ಮಾತಾಡಿದೆ. ಲಾಸಾ ದಾರಿ, ಸೆಪ್ಟೆಂಬರ್. ಅಮ್ಮ ದಿರಾಪುಕ್ ತನಕ, ಜೊತೆಗೆ ಅಕ್ಕ. ನಾನು ಪೂರ್ತಿ ಸುತ್ತುತ್ತೇನೆ. "ಶಿವನ ಮುಖ ಕಂಡರೆ ಸಾಕು, ಬೆನ್ನು ನೀನು ನೋಡ್ಕೊಂಡು ಬಾ" ಅಂದರು ಅಮ್ಮ. ಅಣ್ಣ ಇನ್ನೂ ಗೊಣಗುತ್ತಿದ್ದಾನೆ. ಥೋಲಿಂಗ್ ಆಸೆ ಇದೆ, ರಜೆ ಸಿಗಬೇಕು.

ಕವಿತಾ ಅವರೇ, ಮುಂದಿನ ತಿಂಗಳು ಅಮ್ಮನನ್ನು ಕರೆದುಕೊಂಡು ಬೈಲಕುಪ್ಪೆಗೆ ಬರುತ್ತೇವೆ. ಕಾಲಿಗೆ ಅಭ್ಯಾಸ ಏನು ಮಾಡಿಸಲಿ? ಮುಳ್ಳಯ್ಯನಗಿರಿ ಹತ್ತಿಸಲಾ?

ಡಾಕ್ಟ್ರಮ್ಮ_ಸಾಗರ

ಮುಳ್ಳಯ್ಯನಗಿರಿ 1,930 ಮೀಟರ್, ಕಾಲಿಗೆ ಒಳ್ಳೆಯದು, ಎತ್ತರಕ್ಕೆ ಏನೂ ಉಪಯೋಗ ಇಲ್ಲ. ಅಮ್ಮ ದಿನಾ ಒಂದು ಗಂಟೆ ಬಿರುಸಾಗಿ ನಡೆಯಲಿ, ವಾರಕ್ಕೆರಡು ಸಲ ಮೆಟ್ಟಿಲು. ಮೆಟ್ಟಿಲು ಇಳಿಯುವುದನ್ನೂ ಅಭ್ಯಾಸ ಮಾಡಿಸಿ. ಹೊಸ ಶೂ ಈಗಲೇ ಕೊಂಡು ಹಾಕಿಕೊಂಡು ಓಡಾಡಲಿ. ಎಕೋ, ಟಿಎಂಟಿ ಹೃದಯ ಪರೀಕ್ಷೆ ಎರಡೂ ಜುಲೈ ಒಳಗೆ ಮಾಡಿಸಿ. ರಿಪೋರ್ಟಿನ ಫೋಟೋ ಇಲ್ಲಿ ಹಾಕಿ "ಡಾಕ್ಟ್ರೇ ನೋಡಿ" ಅನ್ನಬೇಡಿ, ನಿಮ್ಮೂರಿನ ಹೃದ್ರೋಗ ತಜ್ಞರಿಗೆ ತೋರಿಸಿ.